ಜುಂಜಣ್ಣ ಮಾತಿನ ಬೆಡಗು ಕೇಳಿದ್ದು

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಒಬ್ಬ ಗೊರಕೆ ಹೊಡೀತಾನೆ, ಒಬ್ಬ ಸೀನ್ತಾನೆ, ಒಬ್ಬ ಮೂಸ್ತಾನೆ, ಒಬ್ಬ ಸುಮ್ಮನೆ ಸುರೀತಾನೆ. ಎಲ್ಲರಿಗೂ ತಲೆ ಒಂದೇ, ಬಾಲ ಬೇರೆ ಬೇರೆ. ಸಮುದ್ರದಾಚೆ ಹುಟ್ಟಿ, ಬಾಯಿಂದ ಬಾಯಿಗೆ ಹಾರಿ ನಮ್ಮ ಸೀಮೆಗೆ ಬಂದು ಒಬ್ಬನ ಮದುವೆಗೆ ಗಂಟು ಬಿದ್ದರು. ಯಾರು?

ಗೊತ್ತಾಗಲಿಲ್ಲ ಅಲ್ವ? ಗೊತ್ತಾಗೋದೂ ಇಲ್ಲ. ಸುಮ್ಮನೆ ಕತೆ ಕೇಳಿ.

ಕೆಂಚಕ್ಕನಿಗೆ ಒಬ್ಬನೇ ಮಗ, ಜುಂಜಣ್ಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋದು ಅವನ ಗುಣ, ಅದೇ ಅವನ ರೋಗ. "ಬಾಗಿಲ ಮೇಲೆ ಒಂದು ಕಣ್ಣಿಟ್ಟಿರೋ" ಅಂದರೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಬಾಗಿಲಿನ ಹಲಗೆಗೆ ಒತ್ತಿಕೊಂಡು ಸಂಜೆವರೆಗೂ ನಿಲ್ಲೋನು. ಮೀಸೆ ಬಂತು, ಬುದ್ಧಿ ಬರಲಿಲ್ಲ.

"ಅಯ್ಯೋ ಶಿವನೇ! ನಾನು ಸತ್ತರೆ ಇವನಿಗೆ ಅನ್ನ ಇಕ್ಕೋರು ಯಾರು?" ಅಂತ ಹಣೆ ಚಚ್ಚಿಕೊಂಡು ಕೆಂಚಕ್ಕ ಹೆಣ್ಣು ಹುಡುಕಿದಳು. ಊರೂರು ತಿರುಗಿದಳು. ಕಡೆಗೆ ಮೂಡ್ಲಹಟ್ಟಿಯ ಪಾತಣ್ಣ ಮಗಳನ್ನು ಕೊಡೋಕೆ ಅರ್ಧ ಒಪ್ಪಿದ. ಅರ್ಧ ಯಾಕೆ ಅಂದರೆ, ಪಾತಣ್ಣ ಮಹಾ ಅನುಮಾನದ ಮನುಷ್ಯ. ಕರೆದ ಹಾಲು ಹಿಡಿದುಕೊಂಡು ಎಮ್ಮೇನೇ ಕೇಳೋನು, ನೀರು ಬೆರೆಸಿದ್ಯಾ ಅಂತ.

"ಹುಡುಗ ಎಸ್ಸೆಲ್ಸಿ ಫೇಲು ಅಂತೀಯಲ್ಲ ಕೆಂಚಕ್ಕ, ಫೇಲಾಗಿದ್ದಾದರೂ ನಿಜವಾ? ಫೇಲಾಗೋಕೂ ಪರೀಕ್ಷೆಗೆ ಕೂರಬೇಕು. ಹೆಣ್ಣು ನೋಡೋಕೆ ಬಂದಾಗ ನನ್ನೆದುರಿಗೆ ಒಂದು ಇಂಗ್ಲಿಷ್ ಮಾತಾಡಲಿ, ಹೊತ್ತಿಗೆ ಸರಿಯಾಗಿ. ಆಡಿದರೆ ಹೆಣ್ಣು. ಇಲ್ಲದಿದ್ದರೆ ಬಂದ ದಾರಿ."

ಕೆಂಚಕ್ಕ ಮಗನನ್ನು ಹಾಲಪ್ಪ ಮೇಷ್ಟ್ರ ಮನೆಗೆ ಅಟ್ಟಿದಳು. ಮೇಷ್ಟ್ರು ಇಂಗ್ಲಿಷ್ ಹೇಳಿಕೊಟ್ಟು ಹೇಳಿಕೊಟ್ಟೇ ರಿಟೈರಾದವರು.

"ಒಂದೊಂದೇ ಮಾತು ಕಲಿಸಿದರೆ ನಿನ್ನ ತಲೇಲಿ ನಿಲ್ಲಲ್ಲ ಕಣೋ," ಅಂದರು ಮೇಷ್ಟ್ರು. "ಬೆಡಗು ಬೆಡಗಾಗಿ ಕಲಿ."

ಬೆಡಗು ಅಂದರೆ ಕುಲದ ಕವಲು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಬೆಡಗಿನೋರೆಲ್ಲ ಒಂದೇ ಮೂಲದೋರು, ಅಣ್ಣ ತಂಗಿ ಲೆಕ್ಕ. ಅವರವರಲ್ಲೇ ಹೆಣ್ಣು ತರೋ ಹಾಗಿಲ್ಲ, ಕೊಡೋ ಹಾಗಿಲ್ಲ.

"ನೋಡು, ಸ್ನೋರ್ ಅಂದ್ರೆ ಗೊರಕೆ. ಸ್ನಿಫ್ ಅಂದ್ರೆ ಮೂಸೋದು. ಸ್ನೌಟ್ ಅಂದ್ರೆ ಹಂದಿ ಮೂತಿ. ಸ್ನಾಟ್ ಅಂದ್ರೆ ಸಿಂಬಳ. ಎಲ್ಲಾ ಹಳೇ ಮಾತು, ಎಲ್ಲಕ್ಕೂ ತಲೆ ಒಂದೇ, ಸ್ನ. ಎಲ್ಲಾ ಮೂಗಿನ ಬೆಡಗು."

"ಸೀನು, ಮೇಷ್ಟ್ರೇ?"

"ಸ್ನೀಜ್. ಅದು ಮೊದಲು ಫಕಾರದ ಮನೇಲಿತ್ತು, ಹಿಂದಿನೋರು ಫ್ನೀಸ್ ಅಂತಿದ್ರು, ಆಮೇಲೆ ಈ ಮನೆಗೆ ದತ್ತು ಬಂತು."

ಜುಂಜಣ್ಣ ಕಣ್ಣು ಸಣ್ಣ ಮಾಡಿದ. ದತ್ತು ಬಂದೋನ ಮೇಲೆ ಒಂದು ನಿಗಾ ಇರಬೇಕು ಅಂತ ಮನಸ್ಸಲ್ಲೇ ಅಂದುಕೊಂಡ.

ಮನೆಗೆ ಬಂದರೆ ಅವ್ವ, "ಲೇ, ನಾಳಿದ್ದು ಹೆಣ್ಣು ನೋಡೋಕೆ ಹೋಗಬೇಕು. ಮೈಯೆಲ್ಲ ಮಣ್ಣು. ಮೊದಲು ಸ್ನಾನ ಮಾಡು!" ಅಂದಳು. ಜುಂಜಣ್ಣ ಬಚ್ಚಲಿಗೆ ಹೋದ. ಹಂಡೆ ತುಂಬ ಬಿಸಿನೀರು, ಸೀಗೆಪುಡಿ, ಸೋಪು. ತಿಕ್ಕಿದ, ತಿಕ್ಕಿದ, ತಿಕ್ಕಿದ. ಹೊರಗೆ ಬಂದಾಗ ಮೂಗು ಟೊಮೇಟೊ ಹಣ್ಣು, ಬೆನ್ನು ಹಂಗೇ ಮಣ್ಣು.

"ಬೆನ್ನಿಗೆ ನೀರೇ ಬಿದ್ದಿಲ್ಲವಲ್ಲೋ!"

"ಸ್ನಾನ ಮೂಗಿನ ಬೆಡಗು ಅವ್ವ. ಬೆನ್ನಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ."

"ಥೂ ನಿನ್ನ! ಅದು ಇಂಗ್ಲಿಷ್ನೋರ ಕಡೆ ಮಾತು, ಇದು ನಮ್ಮ ಕಡೆ ಮಾತು. ತಲೆ ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಾಗಿಬಿಡ್ತಾರಾ? ಇನ್ನು ಮೇಲೆ ಯಾರು ಏನೇ ಅಂದರೂ ಮೂಲ ಕೇಳು. ಕೇಳದೆ ಏನನ್ನೂ ನಂಬಬೇಡ!"

ಹೂಂ ಅಂದ. ಮಾರನೇ ದಿನ ಹೆಣ್ಣಿನ ಮನೆಗೆ ಒಯ್ಯೋಕೆ ತೆಂಗಿನಕಾಯಿ ತರಲು ಅಂಗಡಿಗೆ ಹೋದ.

"ಇದು ಯಾವೂರ ಕಾಯಿ?"

"ನಮ್ಮ ತೋಟದ್ದೇ ಕಣಪ್ಪ," ಅಂದ ಅಂಗಡಿಯೋನು.

"ನೀನು ಕಂಡಿದ್ಯಾ? ಮರ ಹತ್ತಿದೋನು ಯಾರು? ಅವನ ಅಪ್ಪ ಯಾರು?"

"ಲೇ, ಕಾಯಿ ಬೇಕೋ, ಕಾಯಿ ಅಪ್ಪನ ಜಾತಕ ಬೇಕೋ?"

ಜುಂಜಣ್ಣನಿಗೆ ಅನುಮಾನ ಗಟ್ಟಿಯಾಯ್ತು. ಮೂಲ ಹೇಳದ ಕಾಯಿ ಅವನಿಗೆ ಬೇಡ. ಬರಿಗೈಲಿ ತಿರುಗಿದ. ಅಷ್ಟರಲ್ಲಿ ಬೀದಿ ಆ ತುದಿಯಿಂದ ಯಾರೋ ಕೂಗಿದರು.

"ಓಡ್ರೋ! ಹೋರಿ ಹಗ್ಗ ಕಿತ್ಕೊಂಡೈತೆ! ಜುಂಜ, ಓಡೋ!"

ಜುಂಜಣ್ಣ ನಿಂತ. ಸೊಂಟಕ್ಕೆ ಕೈ ಇಟ್ಟ. "ನಿನಗೆ ಯಾರು ಹೇಳಿದ್ದು?" ಅಂದ.

"ನಾನೇ ನೋಡಿದ್ನಲ್ಲೋ!"

"ನಿನಗೆ ಹೋರಿ ಅಂತ ಹೇಳಿಕೊಟ್ಟೋರು ಯಾರು?"

ಅದಕ್ಕೆ ಉತ್ತರ ಹೋರಿಯೇ ಕೊಟ್ಟಿತು. ಜುಂಜಣ್ಣ ತಿಪ್ಪೆಗುಂಡಿಯಲ್ಲಿ ತಲೆಕೆಳಗಾಗಿ ಸಿಕ್ಕ.

ಕೆಂಚಕ್ಕ ಅವನನ್ನು ಕಾಲು ಹಿಡಿದು ಎಳೆದಳು. ಎಳೀತಾ ಬೈದಳು, ಬೈತಾ ಅತ್ತಳು. "ಎದುರಿಗೇ ಹೋರಿ ಬರ್ತಿದ್ರೆ ಮೂಲ ಕೇಳ್ತಾರೇನೋ ಮುಂಡೇದೆ! ಕಣ್ಣಿಗೆ ಕಂಡಿದ್ದನ್ನ ನಂಬು. ಬೆಡಗು ಬೆಡಗಿಗೆ ಹೊಂದಿಸಿ ನೋಡು. ಸರಿ ಅನ್ನಿಸಿದ್ದನ್ನ ಎಲ್ಲರ ಮುಂದೆ ಧೈರ್ಯವಾಗಿ ಹೇಳು!"

ಮತ್ತೆ ಮೇಷ್ಟ್ರ ಮನೆ. ಮೇಷ್ಟ್ರು ಮೂಗಿನ ಬೆಡಗು ಬಿಟ್ಟರು, ಬೇರೆ ಬೆಡಗು ಹಿಡಿದರು.

"ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಾಸ್. ಎಲ್ಲಾ ಹೊಳಪಿನ ಬೆಡಗು. ಗ್ಲ್ಯಾಡ್ ಕೂಡ ಅದೇ ಮನೆ. ಈಗ ಅದಕ್ಕೆ ಸಂತೋಷ ಅಂತ ಅರ್ಥ, ಹಿಂದಿನ ಕಾಲಕ್ಕೆ ಹೊಳೆಯೋದು ಅಂತಲೂ ಇತ್ತು. ಪಾತಣ್ಣನ ಮುಖ ನೋಡಿ ಗ್ಲ್ಯಾಡ್ ಅನ್ನು. ಅಷ್ಟು ಸಾಕು. ಅದರ ಮೇಲೆ ಬಾಯಿ ಬಿಡಬೇಡ!"

ಮಾರನೇ ದಿನ ಮೂಡ್ಲಹಟ್ಟಿಗೆ ಹೊರಡೋ ಹೊತ್ತಿಗೆ ಪಕ್ಕದ ಮನೆಯೋರು ಯಾರೋ ಸೀನಿದರು. ಕೆಂಚಕ್ಕ ಎದೆ ಹಿಡಿದುಕೊಂಡಳು. "ಅಪಶಕುನ! ಸ್ವಲ್ಪ ಕೂತು ಹೋಗೋಣ."

"ನಡಿ ಅವ್ವ," ಅಂದ ಜುಂಜಣ್ಣ. "ಆ ಸೀನು ದತ್ತು ಬಂದೋನು. ಅವನ ಮಾತಿಗೆ ಬೆಲೆ ಇಲ್ಲ."

ಮೂಡ್ಲಹಟ್ಟಿಯಲ್ಲಿ ಪಾತಣ್ಣ ಜಗಲಿ ಮೇಲೆ ಕೂತಿದ್ದ. ಸುತ್ತ ನೆಂಟರು. ಅವನ ಬೋಳುತಲೆಗೆ ಆಗಷ್ಟೇ ಹರಳೆಣ್ಣೆ ಹಚ್ಚಿದ್ದರು, ಬಿಸಿಲು ಬಿದ್ದಿತ್ತು. ಜುಂಜಣ್ಣ ಆ ತಲೆ ನೋಡಿದ. ಕಣ್ಣು ಕುಕ್ಕಿತು.

"ಗ್ಲ್ಯಾಡ್!" ಅಂದ.

ಪಾತಣ್ಣ ಬೆಚ್ಚಿದ. ಪಕ್ಕದೋನನ್ನು ಕೇಳಿದ, "ಏನಂದ?"

"ನಿಮ್ಮನ್ನ ಕಂಡು ಸಂತೋಷ ಆಯ್ತು ಅಂತಾನೆ, ಇಂಗ್ಲಿಷ್ನಾಗೆ."

"ಹೌದಾ? ನಿಜವಾಗೂ ಹಂಗೇನಾ? ಇನ್ನೊಬ್ಬರು ಹೇಳಿ?" ಇನ್ನೊಬ್ಬರೂ ಅದನ್ನೇ ಹೇಳಿದರು. ಪಾತಣ್ಣನ ಮುಖ ಅರಳಿತು. ಕೆಂಚಕ್ಕನಿಗೆ ಅಲ್ಲೇ ಕಣ್ಣಲ್ಲಿ ನೀರು. ಗೆದ್ದೆ ಅಂದುಕೊಂಡಳು ಪಾಪ.

ಮಗಳು ಸಿರಿಯಕ್ಕ ಪಾನಕ ತಂದಳು. ಚೂಪು ಕಣ್ಣಿನ ಹುಡುಗಿ. ಜುಂಜಣ್ಣನ ಕೆಂಪು ಮೂಗು ನೋಡಿದಳು, ಅಪ್ಪನ ಮುಖ ನೋಡಿದಳು, ನಿಟ್ಟುಸಿರು ಬಿಟ್ಟಳು.

ತಾಂಬೂಲ ಬದಲಾಯಿಸೋ ಮುಂಚೆ ಬೆಡಗು ಕೇಳೋದು ಪದ್ಧತಿ. ಗೊತ್ತಿದ್ದರೂ ಎಲ್ಲರ ಎದುರಿಗೆ ಬಾಯಿಬಿಟ್ಟು ಕೇಳಬೇಕು, ಬಾಯಿಬಿಟ್ಟು ಹೇಳಬೇಕು.

"ನಿಮ್ಮ ಬೆಡಗು ಯಾವುದಪ್ಪ?" ಅಂದ ಪಾತಣ್ಣ.

"ಬೆಳ್ಳಿಯೋರು," ಅಂದ ಜುಂಜಣ್ಣ. "ನಿಮ್ಮದು?"

"ಹೊನ್ನಿನೋರು. ಸರಿಹೋಯ್ತಲ್ಲ, ತಾಂಬೂಲ ಎತ್ತಿ."

ಜುಂಜಣ್ಣ ತಾಂಬೂಲ ಮುಟ್ಟಲಿಲ್ಲ. ಅವನ ಕಣ್ಣು ಸಣ್ಣಗಾಯ್ತು. ಬೆಳ್ಳಿ ಹೊಳೀತೈತೆ. ಹೊನ್ನೂ ಹೊಳೀತೈತೆ. ಹೊಳೆಯೋದೆಲ್ಲ ಒಂದೇ ಬೆಡಗು ಅಂತ ಮೇಷ್ಟ್ರು ಹೇಳಿಲ್ವಾ? ಇವರೆಲ್ಲ ಸೇರಿಕೊಂಡು ನನ್ನ ಕೈಲಿ ಏನು ಮಾಡಿಸೋಕೆ ಹೊರಟವ್ರೆ? ಅವ್ವನೂ ಇದರಲ್ಲಿ ಸೇರಿದ್ದಾಳಾ? ಹೊಂದಿಸಿ ನೋಡು, ಧೈರ್ಯವಾಗಿ ಹೇಳು ಅಂದೋಳು ಅವಳೇ ಅಲ್ವಾ?

ಎದ್ದು ನಿಂತ. ಸಿರಿಯಕ್ಕನ ಕೈಲಿದ್ದ ಗ್ಲಾಸು ತಗೊಂಡ. ಜೋರಾಗಿ ಹೇಳಿದ.

"ಪಾನಕ ಚೆನ್ನಾಗೈತೆ ತಂಗಿ!"

ಕೆಂಚಕ್ಕ, "ಅಯ್ಯೋ, ಬಾಯಿ ತಪ್ಪಿ ಅಂದ! ಬಾಯಿ ತಪ್ಪಿ!" ಅಂತ ಎದ್ದಳು. ಅವಳು ಎದ್ದು ನಿಲ್ಲೋದರೊಳಗೆ ಸಿರಿಯಕ್ಕ ಸೆರಗು ಬಾಯಿಗೆ ಇಟ್ಟುಕೊಂಡು, "ಇನ್ನೊಂದು ಗ್ಲಾಸು ತರಲಾ ಅಣ್ಣ?" ಅಂದುಬಿಟ್ಟಳು.

ಅಲ್ಲಿಗೆ ಮುಗೀತು. ಅಷ್ಟು ಜನದ ಮುಂದೆ ಅಣ್ಣ ಅಂದ ಬಾಯಿ, ತಂಗಿ ಅಂದ ಬಾಯಿ. ಯಾರು ತಾಳಿ ಕಟ್ಟಿಸ್ತಾರೆ? ಪಾತಣ್ಣ ತಾಂಬೂಲದ ತಟ್ಟೆ ಒಳಗೆ ಇಡಿಸಿದ.

ದಾರಿಯುದ್ದಕ್ಕೂ ಕೆಂಚಕ್ಕ ಬೈದಳು. "ಹೊಳೆಯೋರೆಲ್ಲ ನಿನಗೆ ತಂಗೀರಾ? ಹಂಗಾದ್ರೆ ಹೊಳಪೇ ಇಲ್ಲದೋಳನ್ನ ಹುಡುಕ್ಕೊಂಡು ಬಾ, ಹೋಗು! ಅವಳನ್ನೇ ಮನೆ ತುಂಬಿಸ್ಕೋತೀನಿ!"

ಹೋದ. ಒಬ್ಬಳ ಮೂಗುತಿ ಹೊಳೀತು, ಬೇಡ. ಒಬ್ಬಳ ಹಲ್ಲು ಹೊಳೀತು, ಬೇಡ. ಒಬ್ಬಳು ಕಪ್ಪಗಿದ್ದಳು, ನಕ್ಕಳು, ಕಣ್ಣು ಹೊಳೀತು, ಅವಳೂ ಬೇಡ. ಸಂಜೆಗೆ ತನ್ನ ಮನೆ ಬಚ್ಚಲಿಗೇ ಬಂದ. ಬೆಳಗ್ಗೆ ಅವ್ವ ಬಾಗಿಲು ತೆಗೆದರೆ ಮಸಿ ಹಿಡಿದ ಹಂಡೆ ಹೊಸ್ತಿಲ ಮೇಲೆ ಕೂತಿದೆ, ಕೊರಳಿಗೆ ಅರಿಸಿನದ ದಾರ.

"ಸೊಸೆ ಬಂದವ್ಳೆ ಅವ್ವ. ಬೆಡಗು ಕೇಳಿದೆ. ಹೇಳಲಿಲ್ಲ, ನಾಚಿಕೆ."

ಕೆಂಚಕ್ಕ ಹುಣಿಸೆಹಣ್ಣು ತಂದಳು, ಬೂದಿ ತಂದಳು, ಆ ಹಂಡೇನ ತಿಕ್ಕತೊಡಗಿದಳು. ಸಿಟ್ಟೆಲ್ಲ ಕೈಗೆ ಬಂದಿತ್ತು. ತಿಕ್ಕಿದಳು, ತಿಕ್ಕಿದಳು, ತಿಕ್ಕಿದಳು. ಮಸಿಯ ಕೆಳಗಿಂದ ತಾಮ್ರ ಫಳ್ ಅಂತ ಹೊಳೀತು.

ಜುಂಜಣ್ಣ ತಲೆ ಮೇಲೆ ಕೈ ಹೊತ್ತು ಕೂತ.

"ಅಯ್ಯೋ ಅವ್ವ! ಇವಳೂ ತಂಗಿ!"

ಪಾನಕದ ತನಕ ಊರೋರು ಹೇಳಿದ್ದು. ಹಂಡೆ ಮದುವೆ ಇದೆಯಲ್ಲ, ಅದು ನಾನು ಕಟ್ಟಿದ್ದು. ಇಷ್ಟು ಹೊತ್ತು ಬಾಯಿಬಿಟ್ಕೊಂಡು ಕೇಳಿದ್ರಲ್ಲ, ಒಬ್ಬರಾದರೂ ಮೂಲ ಕೇಳಿದ್ರಾ?