ಮುಳ್ಳು ತೆಗೆಯುವ ವಿಧಾನ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ವೈದ್ಯಗುರುಗಳಿದ್ದರು. ಅವರ ಶಿಷ್ಯ ನಿರ್ವಾಣಪ್ಪ ಬಲು ಬುದ್ಧಿವಂತ. ಪಾಪ, ಅದೇ ಅವನ ತೊಂದರೆ.

ಒಂದು ಬೆಳಿಗ್ಗೆ ಅವನು ಓಲೆಗರಿಯ ದಪ್ಪ ಕಟ್ಟೊಂದನ್ನು ಗುರುಗಳ ಮುಂದಿಟ್ಟು ಅಡ್ಡಬಿದ್ದ.

“ಏನಪ್ಪಾ ಇದು?”

“ಚಿಕಿತ್ಸೆಯ ನಿಯಮಗಳು, ಗುರುಗಳೇ. ವರ್ಷವಿಡೀ ಕೂತು ಬರೆದೆ. ಇನ್ನು ಸುತ್ತಲಿನ ಊರುಗಳ ವೈದ್ಯರೆಲ್ಲ ಇದರಂತೆಯೇ ನಡೆಯಲಿ. ತಮ್ಮ ಮುದ್ರೆಯೊಂದು ಬಿದ್ದರೆ ಸಾಕು.”

“ಯಾರಿಗಾದರೂ ಇದರಂತೆ ಚಿಕಿತ್ಸೆ ಮಾಡಿ ನೋಡಿದ್ದೀಯಾ?”

“ಬರೆಯುವುದರಲ್ಲೇ ಹೊತ್ತು ಹೋಯಿತು. ಪುರುಸೊತ್ತೆಲ್ಲಿ?”

ಗುರುಗಳು ನಕ್ಕರು. “ಮುದ್ರೆಗೆ ಅರಗು ತಾ, ನೋಡೋಣ.”

ನಿರ್ವಾಣಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅಂಗಳ ದಾಟುವಷ್ಟರಲ್ಲಿ ಅಂಗಾಲಿಗೆ ಜಾಲಿಮುಳ್ಳು ನೆಟ್ಟು, ಅಲ್ಲೇ ಕುಸಿದು ಕೂತ.

“ಅಯ್ಯೋ! ಗುರುಗಳೇ, ಮುಳ್ಳು!”

ಗುರುಗಳು ಓಡಿ ಬಂದರು. ಬರುವಾಗ ಓಲೆಕಟ್ಟನ್ನು ಮರೆಯಲಿಲ್ಲ. ಪಕ್ಕದಲ್ಲಿ ಕೂತು ನಿಧಾನವಾಗಿ ಅದರ ದಾರ ಬಿಚ್ಚಿದರು.

“ಮುಳ್ಳಿನ ಅಧ್ಯಾಯ ಎಲ್ಲಿದೆ?”

“ಕೊನೆಯಲ್ಲಿ! ಕೊನೆಯಲ್ಲಿ!”

“ಗುರುಸ್ತುತಿ ಓದದೆ ಮುಂದಕ್ಕೆ ಹೋಗಬಾರದು ಅಂತ ನೀನೇ ಬರೆದಿದ್ದೀಯಲ್ಲ.” ಗುರುಗಳು ತಮ್ಮ ಹೊಗಳಿಕೆಯನ್ನು ತಾವೇ ರಾಗವಾಗಿ ಓದಿಕೊಂಡರು. “ಚೆನ್ನಾಗಿದೆ. ಇನ್ನೊಮ್ಮೆ ಓದಲೇ?”

“ಬೇಡ! ಮುಳ್ಳು ಕಣ್ಣಿಗೆ ಕಾಣ್ತಾ ಇದೆ, ಕಿತ್ತುಬಿಡಿ!”

“ಅವಸರ ಮಾಡಬೇಡ. ‘ಯಾವ ಗಿಡದ ಮುಳ್ಳೆಂದು ತಿಳಿಯದೆ ಮುಟ್ಟಬಾರದು.’ ಯಾವ ಗಿಡದ್ದು?”

“ಜಾಲಿ!”

“ಕರಿಜಾಲಿಯೋ, ಬಿಳಿಜಾಲಿಯೋ?”

“ಯಾವುದಾದರೇನು, ಗುರುಗಳೇ!”

“ಹಾಗೆಂದು ಇಲ್ಲಿ ಬರೆದಿಲ್ಲ.” ಗುರುಗಳು ಇನ್ನೊಂದು ಗರಿ ತಿರುವಿದರು. “‘ಮೇಕೆಯ ಹಾಲಿನಿಂದ ಪಾದ ತೊಳೆದು ಮುಂದುವರಿಯಬೇಕು.’ ನಮ್ಮಲ್ಲಿರುವುದು ಹಸು. ಮೇಕೆ ಹೊಳೆಯಾಚೆ. ದೋಣಿ ಬರುವುದು ಸಂಜೆಗೆ. ಕಾಯೋಣ, ಏನಂತೀ?”

ನೋವಿಗೂ ನಾಚಿಕೆಗೂ ನಿರ್ವಾಣಪ್ಪ ಅತ್ತೇಬಿಟ್ಟ. “ಆ ಕಟ್ಟನ್ನು ಹೊಳೆಗೆ ಹಾಕಿ, ಗುರುಗಳೇ! ಮೊದಲು ಮುಳ್ಳು ಕೀಳಿ!”

ಗುರುಗಳು ಉಗುರಿನಲ್ಲಿ ಹಿಡಿದು ಸರಕ್ಕನೆ ಕಿತ್ತರು. ತಂಬಿಗೆಯ ನೀರಿನಿಂದ ಗಾಯ ತೊಳೆದರು. ಮುಳ್ಳನ್ನು ಎಸೆಯದೆ ಶಲ್ಯದ ತುದಿಗೆ ಸಿಕ್ಕಿಸಿಕೊಂಡರು.

ಕಟ್ಟನ್ನೂ ಹೊಳೆಗೆ ಹಾಕಲಿಲ್ಲ. ಅವನ ತೊಡೆಯ ಮೇಲಿಟ್ಟು, “ತಿದ್ದು” ಎಂದರು.

ಕೆಲವು ದಿನ ಬಿಟ್ಟು ನಿರ್ವಾಣಪ್ಪ ಕುಂಟುತ್ತ ಬಂದ. ಮುಳ್ಳಿನ ಅಧ್ಯಾಯ ಈಗ ಒಂದೇ ಗರಿ. ಗುರುಗಳು ಗಟ್ಟಿಯಾಗಿ ಓದಿದರು.

“ಮುಳ್ಳು ಕಂಡರೆ ಕೀಳು. ಕಾಣದಿದ್ದರೆ ಸೂಜಿಯಿಂದ ಬಿಡಿಸು. ಗಾಯ ತೊಳೆ. ಬಾತುಕೊಂಡರೆ ಹಿರಿಯ ವೈದ್ಯರನ್ನು ಕರೆ.” ತಲೆಯೆತ್ತಿದರು. “ನನ್ನ ಹೊಗಳಿಕೆ ಎಲ್ಲಿ?”

“ತೆಗೆದುಬಿಟ್ಟೆ, ಗುರುಗಳೇ.”

“ಛೆ, ಅದೊಂದು ಚೆನ್ನಾಗಿತ್ತು.”

“ಈಗಲಾದರೂ ಮುದ್ರೆ ಒತ್ತುತ್ತೀರಾ? ಅರಗು ತಂದಿದ್ದೇನೆ.”

“ಓದುವುದಕ್ಕೇನೋ ಚೆನ್ನಾಗಿದೆ” ಎನ್ನುತ್ತ ಗುರುಗಳು ಶಲ್ಯದ ತುದಿಯಿಂದ ಮುಳ್ಳನ್ನು ಬಿಡಿಸಿಕೊಂಡರು. “ಎಲ್ಲಿ, ಇನ್ನೊಂದು ಕಾಲು ಚಾಚು.”