ಎರಕದ ಮನೆಯ ಕೈಗಂಟೆ

"ಗುರುಗಳೇ, ಇಡೀ ಮನೆಯೇ ಕೆಟ್ಟಿರುವಾಗ ಯಜಮಾನನಾದವನು ಏನು ಮಾಡಬೇಕು?" ಎಂದು ಅಡವೀಶ ಕೇಳಿದ.

ಅವನು ಮಠದ ಅಡುಗೆಮನೆಯ ಹೊಣೆ ಹೊತ್ತ ಶಿಷ್ಯ. ಕೈಯಲ್ಲಿ ಎಂಟು ಮಂದಿ ಅಡುಗೆಯವರ ಹೆಸರಿನ ಚೀಟಿ ಇತ್ತು. "ನಾನು ಹೊಣೆ ಹೊತ್ತ ಹೊಸತರಲ್ಲಿ ಬೇಳೆ ಸೀಯಿಸಿದ ಒಬ್ಬನನ್ನು ಕೆಲಸ ಬಿಡಿಸಿ ಕಳಿಸಿದೆ. ಆಮೇಲೆ ವರ್ಷವಾಯಿತು, ತಪ್ಪಾಯಿತೆಂದು ಒಬ್ಬರೂ ಬಂದಿಲ್ಲ. ಆದರೂ ಉಣ್ಣಲು ಕೂತವರು ಅರ್ಧಕ್ಕೇ ಏಳುತ್ತಾರೆ. ನಿನ್ನೆ ಹಳಸಿದ ಅನ್ನ ಪಂಕ್ತಿಗೆ ಬಂತು. ಈ ಎಂಟೂ ಮಂದಿಯನ್ನು ಕಳಿಸಲು ಅಪ್ಪಣೆ ಕೊಡಿ."

ಗುರುಗಳು ಚೀಟಿ ಮುಟ್ಟಲಿಲ್ಲ. ಜಗಲಿಯ ಮೇಲೆ ಮಧ್ಯಾಹ್ನದ ಬಿಸಿಲು ತೂಕಡಿಸುತ್ತಿತ್ತು. ಅವರು ಕಣ್ಣು ಮುಚ್ಚಿ, ಎಂದೋ ಕಂಡ ಕನಸನ್ನು ನೆನೆಯುವವರಂತೆ ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಂದು ಎರಕದ ಮನೆ. ಅಲ್ಲಿ ಕಂಚಿನ ಗಂಟೆ ಎರೆಯುತ್ತಿದ್ದರು. ಮಣ್ಣಿನ ಅಚ್ಚು ಒಣಗುವ ದಿನಗಳಲ್ಲಿ ಅದು ಬಿರುಕು ಬಿಡುವುದುಂಟು. ಕಂಡವನು ಬಾಗಿಲಲ್ಲಿ ತೂಗುವ ಕೈಗಂಟೆಯನ್ನು ಒಮ್ಮೆ ಬಾರಿಸಬೇಕು. ಕೂಡಲೇ ಎಲ್ಲರ ಕೈಯೂ ನಿಲ್ಲಬೇಕು. ಮುದಿ ಯಜಮಾನ ಎದ್ದು ಬಂದು "ಎಲ್ಲಿ?" ಎಂದಷ್ಟೇ ಕೇಳುವನು. ತನ್ನ ಹೆಬ್ಬೆರಳಿನಿಂದಲೇ ಮಣ್ಣು ಮೆತ್ತಿ, ಬೆರಣಿ ಹೊತ್ತಿಸಿ, ಅದು ಒಣಗುವವರೆಗೆ ಪಕ್ಕದಲ್ಲೇ ಕೂರುವನು. ಒಮ್ಮೊಮ್ಮೆ ಮೂರು ದಿನ ಹಿಡಿಯುತ್ತಿತ್ತು. ಕುದಿಯುವ ಕಂಚಿಗೂ ಹಸಿ ಮಣ್ಣಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಸಿ ಉಳಿದರೆ ಕಂಚಿನ ತುಂಬ ತೂತು, ಗಂಟೆಗೆ ನಾದವೇ ಏಳದು.

ಮುದುಕ ತೀರಿಕೊಂಡ. ಮಗ ಯಜಮಾನನಾದ. ಮೊದಲ ವಾರವೇ ಕೈಗಂಟೆ ಮೊಳಗಿತು. ಅವನು ಬಂದು "ಇದು ಯಾರ ಕೈಕೆಲಸ?" ಎಂದ. ತಲೆ ತಗ್ಗಿಸಿದವನನ್ನು ಸಂಜೆಯವರೆಗೆ ಬಿಸಿಲಲ್ಲಿ ನಿಲ್ಲಿಸಿದ.

ಅಂದಿನಿಂದ ಕೈಗಂಟೆ ಸುಮ್ಮನಾಯಿತು. ಮಗನಿಗೆ ಹಿಗ್ಗೋ ಹಿಗ್ಗು. ಒಮ್ಮೊಮ್ಮೆ ಮಧ್ಯಾಹ್ನ ಜೊಂಪು ಹತ್ತಿದಾಗ ಆ ನಾದ ಕೇಳಿದಂತಾಗಿ ಎದ್ದು ಬರುವನು. ಎಲ್ಲರೂ ತಲೆಯೆತ್ತದೆ ಕೆಲಸ ಮಾಡುತ್ತಿರುವರು. ಅಪ್ಪನ ಕಾಲದಲ್ಲಿ ಎಷ್ಟೊಂದು ಬಿರುಕು, ನನ್ನ ಕಾಲದಲ್ಲಿ ಒಂದೂ ಇಲ್ಲ ಎಂದುಕೊಂಡು ಮತ್ತೆ ಮಲಗುವನು. ಪಾಪ, ಅವನಿಗೆ ಅದು ನಿಜವೆಂದೇ ಅನ್ನಿಸಿತ್ತು.

ಆ ವರ್ಷ ಅವನು ತನ್ನೂರ ದೋಣಿ ಕಡವಿಗೆ ದೊಡ್ಡ ಗಂಟೆ ಎರೆದ. ಮಂಜು ಕವಿದಾಗ ದೋಣಿಗಳು ಅದರ ನಾದ ಹಿಡಿದೇ ದಡ ಸೇರಬೇಕು. ಗಂಟೆ ಕಟ್ಟಿದ ಮರುದಿನವೇ, ಅದನ್ನಿನ್ನೂ ಯಾರೂ ಬಾರಿಸುವ ಮುನ್ನ, ಬೆಳಗ್ಗೆ ಹೊಳೆಯೆಲ್ಲ ಹಾಲಿನಂಥ ಮಂಜು. ಅವನ ಹೆಂಡತಿ ಕೂಸನ್ನೆತ್ತಿಕೊಂಡು ತವರಿನಿಂದ ದೋಣಿಯಲ್ಲಿ ಬರುತ್ತಿದ್ದಳು. ಅವನು ತಾನೇ ಹಗ್ಗ ಹಿಡಿದು ಜಗ್ಗಿದ. ಗಂಟೆ ಒಡೆದ ಮಡಕೆಯಂತೆ 'ದಬ್' ಎಂದಿತು. ಮತ್ತೆ ಜಗ್ಗಿದ. ಮತ್ತೆ ದಬ್.

ಮಂಜಿನೊಳಗಿಂದ ಅಂಬಿಗನ ದನಿ ಬಂತು: "ಗಂಟಿ ಬಾರಿಸ್ರೋ! ದಂಡಿ ಎಲ್ಲೈತಿ ತಿಳೀವಲ್ದು!"

ಅವನು ಅಂಗೈ ಕಿತ್ತುಹೋಗುವಂತೆ ಬಾರಿಸುತ್ತಲೇ ಇದ್ದ. ಅಂಬಿಗನ ಕೂಗು ದೂರ ದೂರ ಸರಿದು ಕೊನೆಗೆ ಕೇಳದಾಯಿತು. ಹೊತ್ತೇರಿ ಮಂಜು ಕರಗಿದಾಗ ದೋಣಿ ಎಷ್ಟೋ ಕೆಳಗೆ ಮರಳುದಿಬ್ಬಕ್ಕೆ ತಾಗಿ ನಿಂತಿತ್ತು. ದೈವ ದೊಡ್ಡದು, ತಾಯಿ ಕೂಸು ಉಳಿದರು.

ಅವನು ಎರಕದ ಮನೆಗೆ ಬಂದು ಹಿರಿಯ ಕೆಲಸಗಾರನನ್ನು ಕೇಳಿದ: "ಅಚ್ಚು ಬಿರುಕು ಬಿಟ್ಟದ್ದು ನಿಮಗೆ ಕಾಣಲಿಲ್ಲೇನು?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ಎಲ್ಲಾರೂ ನೋಡಿದ್ವಿ. ಹಸಿ ಮಣ್ಣು ಮೆತ್ತಿ, ಮ್ಯಾಲೆ ಬೂದಿ ಸವರಿದ್ವಿ. ನಿಮ್ಮಪ್ಪ 'ಎಲ್ಲಿ' ಅಂತಿದ್ರು, ತೋರಸ್ತಿದ್ವಿ. ನೀವು 'ಯಾರು' ಅಂದ್ರಿ, ಮುಚ್ಚಿದ್ವಿ ನೋಡ್ರಿ."

ಕತೆ ಅಲ್ಲಿಗೆ ನಿಂತಿತು. ಅಡವೀಶ ಇನ್ನೂ ಆ ಮಂಜಿನಲ್ಲೇ ಇದ್ದ. "ಆ ಕೆಲಸಗಾರರನ್ನು ಅವನು ಕಳಿಸಿದನೇ?" ಎಂದು ಕೇಳಿದ.

ಗುರುಗಳು ಕಣ್ಣು ತೆರೆದರು.

"ಹೋದ ವರ್ಷ ನೀನು ಕಳಿಸಿದೆಯಲ್ಲ, ಅವನು ಬೇಳೆ ಸೀಯಿಸಿದ್ದನ್ನು ನಿನಗೆ ಬಂದು ಹೇಳಿದವರು ಯಾರು?"

ಸೀಯಿಸಿದವನೇ ಬಂದು ಹೇಳಿದ್ದ. ಅಡವೀಶ ಕೈಯಲ್ಲಿದ್ದ ಚೀಟಿಯನ್ನು ಹರಿದುಹಾಕಿದ.