ಹಿಂದಿರುಗಿ ನೋಡದ ಸುತ್ತು

ಬೆಟ್ಟದ ಮೇಲೊಂದು ಕೆರೆ. ಕೆರೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಬೋಳಯ್ಯ ಎಂಬ ಗುರು, ಹೇಮಣ್ಣ ಎಂಬ ಶಿಷ್ಯ.

ಆ ಆಶ್ರಮದಲ್ಲಿ ದೀಕ್ಷೆ ಸುಮ್ಮನೆ ಸಿಗುತ್ತಿರಲಿಲ್ಲ. ಗುರುಶಿಷ್ಯರಿಬ್ಬರೂ ಬೆಳಗ್ಗೆ ಹೊರಟು, ಕೆರೆಯನ್ನು ಬಲಕ್ಕಿಟ್ಟುಕೊಂಡು, ದೀಪ ಹಚ್ಚುವ ಹೊತ್ತಿಗೆ ಒಂದು ಸುತ್ತು ಬಂದು ಸೇರಬೇಕು. ಆ ಒಂದು ದಿನ ಮಾತ್ರ ಶಿಷ್ಯ ಮುಂದೆ, ಗುರು ಹಿಂದೆ. ಯಾವ ದಾರಿ, ಎಲ್ಲಿ ಕೂರುವುದು, ಎಲ್ಲಿ ಉಣ್ಣುವುದು, ಎಲ್ಲವನ್ನೂ ಶಿಷ್ಯನೇ ಗೊತ್ತು ಮಾಡಬೇಕು.

ಆದರೆ ಅವನು ಒಮ್ಮೆಯೂ ಹಿಂದಿರುಗಿ ನೋಡುವಂತಿಲ್ಲ. ನೋಡಿದನೋ, ದೀಕ್ಷೆ ಮುಂದಿನ ವರ್ಷಕ್ಕೆ.

ಬೋಳಯ್ಯನವರ ಪಾಲಿಗೆ ಮುಂದಿನ ವರ್ಷ ಎಂಬುದು ಇತ್ತೋ ಇಲ್ಲವೋ. ದೇಹ ಹಣ್ಣಾಗಿತ್ತು, ಬಲಗಾಲಿನ ಮಂಡಿ ಊದಿಕೊಂಡಿತ್ತು. ಅವರ ಕೈಯಿಂದಲೇ ದೀಕ್ಷೆಯಾಗಬೇಕು ಎಂಬ ಒಂದೇ ಆಸೆ ಹೇಮಣ್ಣನದು. ಬೇರೆ ಯಾರು ಕೊಟ್ಟರೂ ಅವನಿಗೆ ಬೇಡವಾಗಿತ್ತು.

"ನಾಡಿದ್ದು ಹೊರಡೋಣ" ಎಂದರು ಗುರು.

ಅಲ್ಲಿಂದ ಹೇಮಣ್ಣನ ತಲೆ ಕಲಸುಮೇಲೋಗರವಾಯಿತು.

"ಗುರುಗಳೇ, ಮೇಲಿನ ದಾರಿಯೋ ಕೆಳಗಿನ ದಾರಿಯೋ? ಮೇಲೆ ಬಂಡೆ ಹತ್ತಬೇಕು. ಕೆಳಗೆ ಬರೀ ಕೆಸರು."

"ಎರಡೂ ಕೆರೆಯನ್ನೇ ಸುತ್ತುತ್ತವೆ."

"ಅದು ಸರಿ. ನಿಮ್ಮ ಕಾಲಿಗೆ ಯಾವುದು ಆದೀತು?"

ಗುರು ಕಾಲು ಚಾಚಿದರು. "ಅದನ್ನೇ ಕೇಳು."

ಹೇಮಣ್ಣ ಗುರುವಿನ ಮುಖ ನೋಡಿದ. ಅವರು ನಗುತ್ತಿರಲಿಲ್ಲ. ತಮಾಷೆಯೋ ಉಪದೇಶವೋ ತಿಳಿಯದೆ, ಬಗ್ಗಿ ಮಂಡಿಯನ್ನೇ ಕೇಳಿದ. "ಮೇಲೋ, ಕೆಳಗೋ?"

ಮಂಡಿ ಏನು ಹೇಳೀತು?

"ಅದಕ್ಕೂ ನಿನ್ನ ಹಾಗೇ ಗೊಂದಲ" ಎಂದು ಗುರು ಕಣ್ಣು ಮುಚ್ಚಿಕೊಂಡರು.

ಅಡುಗೆಯ ಪಾರ್ವತಕ್ಕನ ಬಳಿ ಹೋದರೆ ಅವಳದು ಇನ್ನೊಂದು ಪ್ರಶ್ನೆ. "ಬುತ್ತಿಗೆ ಏನು ಕಟ್ಟಲಿ?"

"ಅವಲಕ್ಕಿ. ಬೇಡ, ಹಲ್ಲಿಗೆ ಗಟ್ಟಿಯಾಗತ್ತೆ. ಮೊಸರನ್ನ. ಅದೂ ಬೇಡ, ಬಿಸಿಲಿಗೆ ಹುಳಿಯಾದರೆ?"

"ಕೆರೆ ಸುತ್ತೋಕೆ ಹೊರಟಿದೀಯೋ, ಕಾಶಿಗೆ ಹೊರಟಿದೀಯೋ?" ಎಂದಳು ಪಾರ್ವತಕ್ಕ.

ಯೋಚಿಸಿ ಯೋಚಿಸಿ ಸಾಕಾಗಿ, ಮರುದಿನ ಬೆಳಗ್ಗೆ ಅವನು ಬುತ್ತಿ ಕಟ್ಟಿಸಿಕೊಂಡು ಒಬ್ಬನೇ ಹೊರಟ. ಒಂದು ಸಲ ದಾರಿ ನೋಡಿಕೊಂಡು ಬಂದುಬಿಟ್ಟರೆ ಎಲ್ಲ ನಿಚ್ಚಳವಾಗುತ್ತದೆ ಎಂದುಕೊಂಡ. ಪಾಪ, ಹಾಗಾಗಲಿಲ್ಲ.

ಕೆಳಗಿನ ದಾರಿ ಹಿಡಿದ. ಕೆಸರು ಬಂದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟ. ತನ್ನ ಕಾಲಿಗೆ ಸಲೀಸಾದ ಕಲ್ಲು ಗುರುಗಳ ಕಾಲಿಗೆ ದೂರವಾದೀತು ಎನ್ನಿಸಿ, ನಡುವೆ ಇನ್ನೊಂದು ಕಲ್ಲು ಹೊತ್ತು ತಂದು ಹಾಕಿದ. ಗೋಣಿಮರದ ನೆರಳು ಕಂಡಲ್ಲಿ, ತನಗೆ ಆಯಾಸವಾಗದಿದ್ದರೂ, ಕುಳಿತ. ಮುದಿಜೀವಕ್ಕೆ ಉಸಿರು ಹಿಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕುಳಿತೇ ಇದ್ದ.

ತೊರೆ ದಾಟುವಾಗ ಬಾಯಿಂದ ತಾನಾಗಿಯೇ ಮಾತು ಬಂತು. "ಪಾಚಿ ಇದೆ ಗುರುಗಳೇ, ನಿಧಾನ."

ಸೌದೆ ಹೊರೆ ಹೊತ್ತು ಎದುರಿಗೆ ಬರುತ್ತಿದ್ದ ಹೆಂಗಸು ನಿಂತಳು. "ಯಾರ ಹತ್ರ ಮಾತಾಡ್ತಿದೀಯಪ್ಪಾ?"

"ಹಿಂದೆ ಬರ್ತಿದ್ದಾರಲ್ಲ, ಅವರ ಹತ್ರ" ಎಂದ ಹೇಮಣ್ಣ, ತಿರುಗದೆ.

ಅವಳು ಅವನ ಹಿಂದೆ ಇಣುಕಿದಳು. ಅವನ ಮುಖ ನೋಡಿದಳು. ಬಿರಬಿರನೆ ನಡೆದುಬಿಟ್ಟಳು.

ಆಚೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಎರಡು ಪಾಲು ಮಾಡಿದ. ತನ್ನ ಪಾಲು ಉಂಡ. ಇನ್ನೊಂದನ್ನು ಏನು ಮಾಡಬೇಕೋ ತಿಳಿಯದೆ ಹಾಗೆಯೇ ಕಟ್ಟಿಕೊಂಡ.

ಅಲ್ಲಿಂದ ಮುಂದೆ ಈ ಕೆಳಗಿನ ದಾರಿಯೂ ಒಂದು ಬಂಡೆಯ ಮೇಲೆ ಹಾದು ಇಳಿಯುತ್ತಿತ್ತು. ಕೂತು ಜಾರಿಕೊಂಡೇ ಇಳಿಯಬೇಕು, ಕೆಳಗೆ ಆಳವಾದ ನೀರು. ಹೇಮಣ್ಣ ಇಳಿದು, ಬಂಡೆಗೆ ಬೆನ್ನು ಹಾಕಿ ನಿಂತ. ನಾಳೆ ಈ ಜಾಗದಲ್ಲಿ ಅವರು ಹಿಂದೆ ಇರುತ್ತಾರೆ, ತಾನು ತಿರುಗಿ ನೋಡುವಂತಿಲ್ಲ, ಕೈ ಕೊಡುವಂತಿಲ್ಲ. ಅವನಿಗೆ ಅಳು ಬಂತು. ನೆತ್ತಿಯ ಮೇಲಿನಿಂದ ಒಂದು ಕಲ್ಲಿನ ಚೂರು ಉರುಳಿ ಬಿದ್ದಾಗ ಕುತ್ತಿಗೆ ತಾನೇ ಹೊರಳಲು ಹೋಯಿತು. ಹಲ್ಲು ಕಚ್ಚಿ ತಡೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಆಶ್ರಮಕ್ಕೆ ಬಂದ. ಪಾರ್ವತಕ್ಕ ಬುತ್ತಿಯ ಗಂಟು ಬಿಚ್ಚಿ, "ಅರ್ಧ ಯಾಕೋ ಉಳಿಸಿದೆ?" ಎಂದಳು.

"ಅದು ಗುರುಗಳದ್ದು."

ಜಗಲಿಯಲ್ಲಿದ್ದ ಬೋಳಯ್ಯ ಕೈ ಚಾಚಿ ಅದನ್ನು ಇಸಿದುಕೊಂಡರು. ಒಂದು ಅಗುಳೂ ಬಿಡದೆ ಉಂಡು ಮಲಗಿದರು. ಅದೇನು ಅರ್ಥವೋ ಹೇಮಣ್ಣನಿಗೆ ತಿಳಿಯಲಿಲ್ಲ.

ಬೆಳಗಾಯಿತು. ಗುರು ಶಾಲು ಹೊದ್ದು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಹೇಮಣ್ಣ ಅಡ್ಡ ನಿಂತ. "ಬೇಡಿ ಗುರುಗಳೇ. ನನಗೆ ದೀಕ್ಷೆ ಬೇಡ."

"ಯಾಕಪ್ಪಾ?"

"ಆ ದಾರಿ ನಿಮ್ಮ ಕಾಲಿಗೆ ಆಗಲ್ಲ. ಕೆಸರಲ್ಲಿ ಕಲ್ಲು ಹಾಕಿದ್ದೀನಿ, ದಾಟಬಹುದು. ತೊರೆಯಲ್ಲೂ ನಿಧಾನವಾಗಿ ಬಂದ್ರಿ. ಆದರೆ ಆ ಬಂಡೆ ಹತ್ರ..."

"ಬಂಡೆ ಹತ್ರ ತಿರುಗಿ ನೋಡಿದೆಯಾ?"

"ಇಲ್ಲ. ನೋಡಬಾರದಲ್ಲ."

"ಹಿಂದೆ ಯಾರೂ ಇರಲಿಲ್ಲವಲ್ಲೋ. ನೋಡಿದ್ದರೆ ಏನಾಗುತ್ತಿತ್ತು?"

ಹೇಮಣ್ಣ ಯೋಚನೆಗೆ ಬಿದ್ದ. ಯಾರೂ ಇರಲಿಲ್ಲ, ನಿಜ. ಹಾಗಾದರೆ ದಿನವಿಡೀ ತಾನು ಯಾರಿಗಾಗಿ ನಿಂತು ನಿಂತು ನಡೆದದ್ದು?

ಬೋಳಯ್ಯ ಕೋಲನ್ನು ಗೋಡೆಗೆ ಒರಗಿಸಿದರು. ಶಾಲು ತೆಗೆದು ಮಡಚಿಟ್ಟರು. ಒಳಗೆ ತಿರುಗಿ, "ಪಾರ್ವತೀ, ವಿಭೂತಿ ತಟ್ಟೆ ತಾರಮ್ಮಾ. ಇವನ ದೀಕ್ಷೆ ಮುಗಿಸಿಬಿಡೋಣ" ಎಂದರು.

"ಗುರುಗಳೇ, ನಾವಿನ್ನೂ ಹೊರಟೇ ಇಲ್ಲ!"

ಬೋಳಯ್ಯ ಮಂಡಿ ಹಿಡಿದುಕೊಂಡು ಮೆಲ್ಲಗೆ ಮಣೆಯ ಮೇಲೆ ಕುಳಿತರು.

"ನಿನ್ನೆ ಇಡೀ ದಿನ ನನ್ನನ್ನು ನಡೆಸಿದ್ದೀಯಲ್ಲೋ, ಇವತ್ತಾದರೂ ಕೂರೋಕೆ ಬಿಡು."